ಎಡಗೈಗೆ ರಜೆ ಇರಲಿಲ್ಲ

ಕಳೆದ ವರ್ಷ ಕೋಲಾರದಲ್ಲಿ ನಡೆದ ಜಿಲ್ಲಾ ಮಟ್ಟದ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಮ್ಮ ಬಾಲಕಿಯರ ತಂಡ ಒಂದೇ ಪಾಯಿಂಟಿನಿಂದ ಸೋತದ್ದು ನಿಮಗೆಲ್ಲ ಗೊತ್ತು. ಆ ಒಂದು ಪಾಯಿಂಟು ಎಲ್ಲಿ ಹೋಯಿತು ಎಂಬುದು ತಂಡಕ್ಕೆ ಮಾತ್ರ ಗೊತ್ತು. ಉಳಿದವರಿಗೆ ನಾನೇ ಹೇಳುತ್ತೇನೆ. ಕೊನೆಯ ಅರ್ಧ ನಿಮಿಷ ಇರುವಾಗ ನನಗೆ ಎರಡು ಫ್ರೀ ಥ್ರೋ ಸಿಕ್ಕಿದವು. ಎದುರಿಗೆ ಯಾರೂ ಅಡ್ಡ ಇರುವುದಿಲ್ಲ, ಬೋರ್ಡಿನಿಂದ 4.6 ಮೀಟರ್ ದೂರ, ಎಸೆಯಲು ಐದು ಸೆಕೆಂಡ್ ಸಮಯ. ಎರಡೂ ರಿಂಗಿಗೆ ಬಡಿದು ಹೊರಗೆ ಬಿದ್ದವು.

ಅದಕ್ಕಿಂತ ಮೊದಲೇ ಇನ್ನೊಂದು ತಪ್ಪಾಗಿತ್ತು, ಅದು ನೋಡುವವರಿಗೆ ಕಾಣಿಸುವಂಥದ್ದಲ್ಲ. ಎದುರು ತಂಡದಲ್ಲಿ ನನ್ನ ಭುಜದಷ್ಟು ಎತ್ತರ ಇದ್ದ ಒಬ್ಬ ಹುಡುಗಿ, ನಾನು ಯಾವಾಗಲೂ ಬಲಗಡೆಗೇ ನುಗ್ಗುತ್ತೇನೆ ಎಂಬುದನ್ನು ಹತ್ತೇ ನಿಮಿಷದಲ್ಲಿ ಕಂಡುಹಿಡಿದಳು. ದ್ವಿತೀಯಾರ್ಧ ಪೂರ್ತಿ ನನ್ನ ಬಲಗಡೆ ಬಂದು ನಿಂತಳು. ಎಡಗಡೆ ದಾರಿ ಖಾಲಿ ಇತ್ತು, ಹೋಗಲು ನನಗೆ ಬರಲಿಲ್ಲ. ಮೊದಲರ್ಧದಲ್ಲಿ ಹದಿನಾಲ್ಕು ಪಾಯಿಂಟು ಮಾಡಿದವಳು ಆಮೇಲೆ ಎರಡು ಮಾಡಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ದೈಹಿಕ ಶಿಕ್ಷಣದ ಮೇಡಂ ನನ್ನ ಪಕ್ಕದಲ್ಲೇ ಕೂತಿದ್ದರು. ಮಾಲೂರು ಬರುವವರೆಗೂ ಏನೂ ಹೇಳಲಿಲ್ಲ. ಲಕ್ಕೂರಿನ ಬಸ್ಸು ಹತ್ತಿದ ಮೇಲೆ ಕೇಳಿದರು: "ಎಡಗೈಲಿ ಹಲ್ಲುಜ್ಜೋಕೆ ಬರುತ್ತಾ?"

"ಇಲ್ಲ ಮೇಡಂ."

"ಅದರಿಂದ ಶುರು ಮಾಡು. ಮಿಕ್ಕದ್ದು ಪರೀಕ್ಷೆ ಮುಗಿದ ಮೇಲೆ."

ನನ್ನನ್ನು ಎಲ್ಲರೂ ಒಳ್ಳೆ ಆಟಗಾರ್ತಿ ಎನ್ನುತ್ತಿದ್ದರು, ನಾನೂ ನಂಬಿದ್ದೆ. ಎತ್ತರ ಇದ್ದೇನೆ, ಕೈ ಉದ್ದ. ಹೈಸ್ಕೂಲಿನಲ್ಲಿ ಅಷ್ಟೇ ಸಾಕಾಗುತ್ತಿತ್ತು. ಆದರೆ ನಮ್ಮ ಪಿಯು ಕ್ರೀಡಾಕೂಟಗಳ ಲೆಕ್ಕವೇ ಬೇರೆ. ತಾಲ್ಲೂಕು, ಜಿಲ್ಲೆ, ರಾಜ್ಯ, ಎಲ್ಲ ಕೆಲವೇ ವಾರಗಳಲ್ಲಿ ಮುಗಿಯುತ್ತವೆ. ಸೋತವರಿಗೆ ಆಮೇಲೆ ವರ್ಷಗಟ್ಟಲೆ ಪಂದ್ಯವೇ ಇಲ್ಲ. ಪಂದ್ಯಗಳ ನಡುವೆ ಹೊಸದೇನನ್ನೂ ಕಲಿಯಲು ಸಮಯ ಸಿಗುವುದಿಲ್ಲ, ಬರುವುದನ್ನೇ ಆಡಬೇಕು. ಕಲಿಯುವುದಿದ್ದರೆ ಯಾರೂ ನೋಡದ ಆ ಖಾಲಿ ತಿಂಗಳುಗಳಲ್ಲೇ.

ಪ್ರಥಮ ಪಿಯು ಪರೀಕ್ಷೆ ಮುಗಿಯುತ್ತಲೇ ರಂಜಾನ್ ಬಂತು. ಹಕೀಮ್ ಒಲಾಜುವಾನ್ 1995ರ ಫೆಬ್ರವರಿಯಲ್ಲಿ ರೋಜಾ ಇಟ್ಟುಕೊಂಡೇ ಆಡಿ ಎನ್‌ಬಿಎಯ ಆ ತಿಂಗಳ ಶ್ರೇಷ್ಠ ಆಟಗಾರ ಆಗಿದ್ದರಂತೆ. ನಾನು ರೋಜಾ ಇಟ್ಟುಕೊಂಡು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ.

ಈದ್ ಮುಗಿದ ಮೇಲೆ ಮನೆಯಲ್ಲಿ ಚರ್ಚೆ ಶುರುವಾಯಿತು. ಚಾಚಾ ಸಿಇಟಿ ಕೋಚಿಂಗ್‌ಗೆ ಮಾಲೂರಿನಲ್ಲಿ ಸೇರಿಸಲೇಬೇಕು ಎಂದರು. ಅಮ್ಮಿಗೆ ಬಿಸಿಲಿನ ಚಿಂತೆ. ದಾದಿಗೆ ನನ್ನ ಮದುವೆಯ ಚಿಂತೆ, ಅದು ಅವರಿಗೆ ಎಲ್ಲ ಮಾತಿನಲ್ಲೂ ಬರುತ್ತದೆ. ಅಬ್ಬಾ ಟೊಮೆಟೊ ಸಾಗಿಸುವ ಟೆಂಪೊ ಓಡಿಸುತ್ತಾರೆ, ಮಾತು ಕಡಿಮೆ. ಕೊನೆಗೆ ಅವರೇ ತೀರ್ಮಾನ ಹೇಳಿದರು: ಬೆಳಗ್ಗೆ ಆರರಿಂದ ಏಳೂವರೆ ಬಾಲ್, ಒಂಬತ್ತಕ್ಕೆ ಕೋಚಿಂಗ್. ಕೋಚಿಂಗ್‌ನಲ್ಲಿ ಮಾರ್ಕ್ಸ್ ಬಿದ್ದರೆ ಬಾಲ್ ಇಲ್ಲ. ಒಬ್ಬಳೇ ಹೋಗುವಂತಿಲ್ಲ, ತಂಗಿ ಜೊತೆಗಿರಬೇಕು.

ತಂಗಿ ಏಳನೇ ತರಗತಿ ಮುಗಿಸಿದ್ದಳು. ಬೆಳಗ್ಗೆ ಎಬ್ಬಿಸಿದರೆ ಅಳುತ್ತಿದ್ದಳು. ಅವಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು "ನೀನೇ ಲೆಕ್ಕ ಬರೆಯೋಳು" ಎಂದ ಮೇಲೆ ಅಳು ನಿಂತಿತು. ಬಾಲ್ ಎತ್ತಿಕೊಡುವುದು, ಹೋದದ್ದು ಬಾರದ್ದು ಬರೆಯುವುದು ಅವಳ ಕೆಲಸ. ಮೊದಲ ದಿನದ ಪುಟ ಈಗಲೂ ಇದೆ. ಫ್ರೀ ಥ್ರೋ 50ಕ್ಕೆ 19. ಎಡಗೈ ಲೇಅಪ್ 20ಕ್ಕೆ 3. ಮೂರರಲ್ಲಿ ಒಂದು ಬಲಗೈಯಲ್ಲಿ ಹಾಕಿದ್ದು ಎಂದು ಅವಳು ಜಗಳ ಮಾಡಿ ಅದನ್ನು ಹೊಡೆದುಹಾಕಿ 2 ಎಂದು ಬರೆದಿದ್ದಾಳೆ.

ಎಡಗೈ ಲೇಅಪ್ ಎಂದರೆ ಕೈಯ ತೊಂದರೆ ಎಂದುಕೊಂಡಿದ್ದೆ. ತೊಂದರೆ ಕಾಲಿನದು. ಬಲಗೈಯಲ್ಲಿ ಹಾಕುವಾಗ ಬಲಗಾಲು, ಎಡಗಾಲು, ನೆಗೆತ. ಎಡಗೈಗೆ ಅದೇ ತಿರುಗುಮುರುಗು: ಎಡಗಾಲು, ಬಲಗಾಲು, ನೆಗೆತ. ಹನ್ನೊಂದು ವರ್ಷದಿಂದ ಓಡುತ್ತಿರುವ ಕಾಲುಗಳಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ಮೊದಲ ವಾರ ಮೇಡಂ ಬಾಲನ್ನೇ ಕೊಡಲಿಲ್ಲ. ಬರಿಗೈಯಲ್ಲಿ ಆ ಮೂರು ಹೆಜ್ಜೆ ಮಾತ್ರ. ಗೇಟಿನ ಹತ್ತಿರ ಹಾಲು ತರುವವರು ನಿಂತು ನೋಡುತ್ತಿದ್ದರು. ಮನೆಯಲ್ಲಿ ಬೀಗ ತೆಗೆಯುವುದು, ನೀರು ಸೇದುವುದು, ಕಸ ಗುಡಿಸುವುದು ಎಲ್ಲ ಎಡಗೈಯಲ್ಲೇ. ಅದೇ ಗುಂಗಿನಲ್ಲಿ ಒಂದು ದಿನ ದಾದಿಗೆ ಚಹಾ ಲೋಟವನ್ನು ಎಡಗೈಯಲ್ಲಿ ಕೊಟ್ಟೆ. ಆವತ್ತು ಬೈಸಿಕೊಂಡಷ್ಟು ಕೋಲಾರದಲ್ಲಿ ಸೋತಾಗಲೂ ಬೈಸಿಕೊಂಡಿರಲಿಲ್ಲ.

ಮೂರನೇ ವಾರ ಎಲ್ಲ ಕೆಟ್ಟಿತು. ಫ್ರೀ ಥ್ರೋ ಎಸೆಯುವಾಗ ನನ್ನ ಮೊಣಕೈ ಹೊರಗೆ ಹೋಗುತ್ತಿತ್ತು. ಅದನ್ನು ಮೇಡಂ ತಿದ್ದಿದರು. ತಿದ್ದಿದ ಮೇಲೆ 50ಕ್ಕೆ 14 ಬಂತು, ಮರುದಿನ 12. ಕಲಿಯುವ ಮೊದಲೇ ಹೆಚ್ಚು ಹೋಗುತ್ತಿತ್ತಲ್ಲ! ಅದೇ ವಾರ ಕೋಚಿಂಗ್ ಟೆಸ್ಟಿನಲ್ಲಿ ಭೌತಶಾಸ್ತ್ರದಲ್ಲಿ ಮಾರ್ಕ್ಸ್ ಬಿತ್ತು. ಆ ಪೇಪರನ್ನು ನಾನು ಅಬ್ಬಾಗೆ ತೋರಿಸಲಿಲ್ಲ. (ಅವರು ಇದನ್ನು ಓದುತ್ತಾರೆ. ಅಬ್ಬಾ, ಮಾಫ್ ಮಾಡಿ.) ಎರಡು ದಿನ ಹೊಟ್ಟೆನೋವು ಎಂದು ಹೇಳಿ ಮಲಗಿದ್ದೆ. ಬಾಲ್ ಬಿಟ್ಟುಬಿಡೋಣ ಎಂದೇ ನಿರ್ಧರಿಸಿದ್ದೆ.

ಮೂರನೇ ದಿನ ಮೇಡಂ ಮನೆಗೇ ಬಂದರು. ಅಮ್ಮಿ ಕೊಟ್ಟ ಚಹಾ ಕುಡಿಯುತ್ತಾ ನನ್ನ ದಪ್ಪ ಕನ್ನಡಕ ನೋಡಿ ಒಂದು ಕಥೆ ಹೇಳಿದರು. ಜಾರ್ಜ್ ಮೈಕನ್ ಎಂಬ ಹುಡುಗ, ಆರು ಅಡಿ ಹತ್ತು ಇಂಚು ಎತ್ತರ, ನನಗಿಂತ ದಪ್ಪ ಕನ್ನಡಕ. ಒಂದು ದೊಡ್ಡ ವಿಶ್ವವಿದ್ಯಾಲಯದ ತಂಡಕ್ಕೆ ಸೇರಲು ಹೋಗಿ ಬೇಡ ಎನ್ನಿಸಿಕೊಂಡಿದ್ದ. 1942ರಲ್ಲಿ ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ರೇ ಮೇಯರ್ ಎಂಬ ಹೊಸ ಕೋಚ್ ಬಂದರು. ಪಂದ್ಯಗಳು ಶುರುವಾಗುವ ಮೊದಲು ಅವನಿಗೆ ಹಗ್ಗದಾಟ ಆಡಿಸಿದರು, ಗಾಳಿಗೆ ಗುದ್ದುವ ಬಾಕ್ಸಿಂಗ್ ಮಾಡಿಸಿದರು, ಕಾಲು ಹಗುರಾಗಲಿ ಎಂದು ಡ್ಯಾನ್ಸ್ ಕಲಿಯಲು ಕಳಿಸಿದರು. ಆಮೇಲೆ ರಿಂಗಿನ ಕೆಳಗೆ ನಿಲ್ಲಿಸಿ ಬಲಗಡೆಯಿಂದ ಬಲಗೈ, ಎಡಗಡೆಯಿಂದ ಎಡಗೈ, ದಿನಕ್ಕೆ ನೂರಾರು ಸಲ. 1944ರಲ್ಲಿ ರಿಂಗಿನ ಕಡೆಗೆ ಇಳಿಯುತ್ತಿರುವ ಬಾಲನ್ನು ತಡೆಯಬಾರದು ಎಂಬ ನಿಯಮ ಅಲ್ಲಿನ ಕಾಲೇಜು ಆಟಕ್ಕೆ ಬಂದದ್ದಕ್ಕೆ ಅವನಂಥ ಎತ್ತರದವರೇ ಕಾರಣ. 1950ರಲ್ಲಿ ಅವನನ್ನು ಅರ್ಧ ಶತಮಾನದ ಶ್ರೇಷ್ಠ ಬಾಸ್ಕೆಟ್‌ಬಾಲ್ ಆಟಗಾರ ಎಂದು ಆರಿಸಿದರು. ನಾನು ಬೆಳಗ್ಗೆ ರಿಂಗಿನ ಕೆಳಗೆ ಮಾಡುತ್ತಿದ್ದ ಕಸರತ್ತಿಗೆ ಇವತ್ತಿಗೂ ಮೈಕನ್ ಡ್ರಿಲ್ ಎಂದೇ ಹೆಸರು.

ದಾದಿ ಬಾಗಿಲ ಬಳಿ ಕೂತು ಎಲ್ಲ ಕೇಳಿಸಿಕೊಂಡು, "ಡ್ಯಾನ್ಸ್ ಗೀನ್ಸ್ ನಮಗೆ ಬೇಡ, ಹಗ್ಗ ಬೇಕಾದರೆ ಆಡಲಿ" ಎಂದರು. ದಾದಿಯ ಒಪ್ಪಿಗೆ ಸಿಕ್ಕಿದ್ದು ಹಾಗೆ.

ತಂಗಿ ಮೇಡಂಗೆ ನೇರವಾಗಿ ಕೇಳಿದಳು, "ನಮ್ಮ ಕಡೆಯವರು ಯಾರಾದರೂ ಹಾಗೆ ಆಗಿದ್ದಾರಾ?" ಬೆಂಗಳೂರಿನ ಸಂಜನಾ ರಮೇಶ್ ಬಾಸ್ಕೆಟ್‌ಬಾಲ್ ಆಡಿಯೇ ವಿದ್ಯಾರ್ಥಿವೇತನ ಪಡೆದು ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಹೋದದ್ದನ್ನು ಮೇಡಂ ಹೇಳಿದರು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಮಹಿಳಾ ತಂಡ ಏಷ್ಯಾ ಕಪ್‌ನ ಬಿ ಡಿವಿಜನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಗೆದ್ದದ್ದನ್ನೂ ಹೇಳಿದರು. ನನಗೆ ಅರಿಜೋನಾ ತಲೆಗೆ ಹೋಗಲಿಲ್ಲ. 75-73 ಹೋಯಿತು. ಎರಡು ಪಾಯಿಂಟು. ನನ್ನ ಎರಡು ಫ್ರೀ ಥ್ರೋಗಳಷ್ಟೇ.

ಮರುದಿನದಿಂದ ಮತ್ತೆ ಆರು ಗಂಟೆ. ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ, ಎಲ್ಲ ದಿನವೂ ಒಂದೇ ಥರ. ನಮ್ಮ ಕೋರ್ಟಿನ ಸಿಮೆಂಟ್ ಎಂಟು ಗಂಟೆಗೇ ಕಾಯುತ್ತಿತ್ತು. ಹುಡುಗಿಯರು ಆರನೇ ಸೈಜಿನ ಬಾಲಿನಲ್ಲಿ ಆಡಬೇಕು, ನಮ್ಮಲ್ಲಿ ಇದ್ದದ್ದು ಹುಡುಗರ ಏಳನೇ ಸೈಜು. ಮೇ ಮಧ್ಯದಲ್ಲಿ ಮೇಡಂ ಎಲ್ಲಿಂದಲೋ ಆರನೇ ಸೈಜು ತಂದರು. ದೊಡ್ಡ ಬಾಲಿಗೆ ಹೊಂದಿಕೊಂಡಿದ್ದ ಕೈಗೆ ಅದು ಮೋಸಂಬಿ ಹಿಡಿದ ಹಾಗಿತ್ತು.

ಮೇ ಕೊನೆಯ ಪುಟ: ಫ್ರೀ ಥ್ರೋ 50ಕ್ಕೆ 33. ಎಡಗೈ ಲೇಅಪ್ 20ಕ್ಕೆ 13. ಎರಡು ತಿಂಗಳ ಕೆಲಸಕ್ಕೆ ಇದು ದೊಡ್ಡ ಅಂಕಿ ಅಲ್ಲ ಎಂದು ಕೆಲವರು ನಕ್ಕರು. ಅವರು 12 ಬಂದ ದಿನ ಕೋರ್ಟಿನಲ್ಲಿ ಇರಲಿಲ್ಲ.

ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ನಮ್ಮನಮ್ಮಲ್ಲೇ ಒಂದು ಆಟ ಆಡಿದೆವು. ಪ್ರಥಮ ಪಿಯುಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಬಲಗಡೆ ಬಂದು ನಿಂತಳು, ಯಾರೋ ಹೇಳಿಕೊಟ್ಟಿರಬೇಕು. ಏನಾಯಿತೆಂದು ನನಗೇ ಗೊತ್ತಾಗಲಿಲ್ಲ. ಬಾಲ್ ಬಲೆಯಿಂದ ಕೆಳಗೆ ಬಿದ್ದ ಮೇಲೆ ನೋಡಿದರೆ ಮೇಲೆತ್ತಿದ್ದ ಕೈ ಎಡಗೈ.

ತಾಲ್ಲೂಕು ಪಂದ್ಯ ಇನ್ನೂ ಆಗಿಲ್ಲ. ಅದಕ್ಕೂ ಮೊದಲು ಒಂದು ಕೋರಿಕೆ ಇದೆ. ತಂಗಿಗೆ ಶಾಲೆ ಶುರುವಾಗಿದೆ, ಬೆಳಗ್ಗೆ ಬರಲು ಆಗುತ್ತಿಲ್ಲ. ಆರು ಗಂಟೆಗೆ ಬಂದು ಬಾಲ್ ಎತ್ತಿಕೊಡಲು ಹುಡುಗಿಯರಲ್ಲಿ ಒಬ್ಬರು ಬೇಕು. ಆಟ ಬರದಿದ್ದರೂ ಪರವಾಗಿಲ್ಲ. ನೋಟ್‌ಬುಕ್ ನಾನು ಕೊಡುತ್ತೇನೆ, ಲೆಕ್ಕ ಮಾತ್ರ ಸುಳ್ಳು ಬರೆಯಬಾರದು.