ಪಾಸ್‌ಬುಕ್ಕಿನ ಹನ್ನೊಂದು ಸಾಲುಗಳು

ಬಾಗಲಕೋಟೆ ಜಿಲ್ಲೆಯ ಮನೆಗಳಲ್ಲಿ ಬ್ಯಾಂಕಿನ ಪಾಸ್‌ಬುಕ್ಕಿಗೆ ಒಂದು ಖಾಯಂ ಜಾಗವಿದೆ. ರೇಶನ್ ಕಾರ್ಡು, ಆಧಾರ್ ಕಾರ್ಡು, ಹೊಲದ ಉತಾರ, ಮಕ್ಕಳ ಮಾರ್ಕ್ಸ್ ಕಾರ್ಡು ಇವೆಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುತ್ತಾರಲ್ಲ, ಅಲ್ಲಿ. ಜೋಪಾನ ಮಾಡುವುದರಲ್ಲಿ ಯಾರೂ ಕಡಿಮೆಯಿಲ್ಲ. ಓದುವವರು ಮಾತ್ರ ಕಡಿಮೆ. ಕಡೆಯ ಸಾಲಿನ ಅಂಕಿಯೊಂದನ್ನು ನೋಡಿ, ‘ಇಷ್ಟೈತಿ’ ಎಂದು ಮುಚ್ಚಿಡುವುದೇ ಬಹುತೇಕರ ಓದು. ನಡುವಿನ ಸಾಲುಗಳು ಇಂಗ್ಲಿಷಿನ ಮೊಟಕು ಅಕ್ಷರಗಳಲ್ಲಿ ಇರುವುದರಿಂದ ಓದಿದರೂ ತಿಳಿಯುವುದಿಲ್ಲ ಎಂಬುದೂ ನಿಜವೇ.

ಇಳಕಲ್ಲಿನ ಒಂದು ನೇಕಾರ ಮನೆಯ ಹುಡುಗಿ ಆ ನಡುವಿನ ಸಾಲುಗಳನ್ನು ಓದಿದಳು. 2020ರ ಮಾತು. ಅಪ್ಪ ಕುಣಿಮಗ್ಗದ ಮೇಲೆ ಸೀರೆ ನೇಯುವವನು, ಅವ್ವ ಕಂಡಿಕೆ ಸುತ್ತಿಕೊಡುವವಳು. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದಾಗ ನೂಲು ಬರುವುದು ನಿಂತಿತು, ನೇಯ್ದ ಸೀರೆಗಳು ಸಾಹುಕಾರರ ಅಂಗಡಿಯಲ್ಲಿಯೇ ಉಳಿದವು, ಮಜೂರಿ ನಿಂತಿತು. ಹುಡುಗಿಯ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗುತ್ತ ಹೋಗುತ್ತ ಜೂನ್ 25ಕ್ಕೆ ಶುರುವಾಯಿತು. ಆಗಸ್ಟ್ 10ರಂದು ಫಲಿತಾಂಶ ಬಂತು. ವಿಜ್ಞಾನ ತೆಗೆದುಕೊಳ್ಳಬೇಕೆಂದು ಅವಳ ಹಟ. ಕಾಲೇಜಿನವರು ಪ್ರವೇಶ ಶುಲ್ಕವನ್ನು ಎರಡು ಭಾಗ ಮಾಡಿಕೊಟ್ಟರು. ಮೊದಲನೆಯದು ಹೇಗೋ ಆಯಿತು. ಎರಡನೆಯದಕ್ಕೆ ಮನೆಯವರು ನಂಬಿಕೊಂಡಿದ್ದದ್ದು ಸರ್ಕಾರದ ಹಣವನ್ನು. ಆ ವರ್ಷದ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಪ್ರಕಟಿಸಿದ್ದ ನೇಕಾರ ಸಮ್ಮಾನ್ ಯೋಜನೆಯಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ನೇರವಾಗಿ ಖಾತೆಗೆ ಬರಬೇಕಿತ್ತು.

ದಸರೆಯ ಹೊತ್ತಿಗೆ ಹಣ ಬಂತು. ಅಪ್ಪ ಬ್ಯಾಂಕಿಗೆ ಹೋದ. ಖಾತೆಯಲ್ಲಿದ್ದದ್ದು 171 ರೂಪಾಯಿ.

‘ಸಾಹೇಬ್ರ, ಎರಡು ಸಾವಿರ ಬಂದೈತಿ ಅಂತ ಮೆಸೇಜ್ ಬಂದಾವ್ರಿ. ಎಲ್ಲಿ ಹೋತ್ರಿ?’

‘ಅದು ಸಿಸ್ಟಮ್ ಕಡತ ಮಾಡಿಕೊಂಡೈತ್ರಿ. ನಮ್ಮ ಕೈಯಾಗ ಏನೂ ಇಲ್ಲ.’

ಉತ್ತರ ಕೊಟ್ಟ ಗುಮಾಸ್ತನೇನೂ ಕೆಟ್ಟವನಲ್ಲ. ಅವನ ಮುಂದೆ ಆ ದಿನ ಮಾಸ್ಕ್ ಕಟ್ಟಿಕೊಂಡವರ ಸಾಲು ಬಾಗಿಲಾಚೆ ರಸ್ತೆಯವರೆಗೆ ನಿಂತಿತ್ತು. ಆದರೆ ‘ಸಿಸ್ಟಮ್’ ಎಂಬುದು ಮಳೆ ಬಿಸಿಲಿನಂತೆ ತಾನಾಗಿ ಬಂದದ್ದಲ್ಲ. ಯಾರೋ ಬರೆದ ನಿಯಮವನ್ನು ಯಂತ್ರ ಪಾಲಿಸುತ್ತದೆ, ಅಷ್ಟೆ. ನಿಯಮವನ್ನು ಕಾಗದದಲ್ಲಿ ಓದಬಹುದು. ಓದಿ ಪ್ರಶ್ನೆ ಕೇಳಬಹುದು.

ಹುಡುಗಿ ಪಾಸ್‌ಬುಕ್ಕನ್ನು ಪ್ರಿಂಟ್ ಹಾಕಿಸಿ ತಂದಳು. ಆರು ತಿಂಗಳಿನಿಂದ ಹಾಕಿಸಿರಲಿಲ್ಲ. 2,000 ರೂಪಾಯಿ ಜಮೆಯಾದ ಸಾಲಿನ ಕೆಳಗೆ ಹನ್ನೊಂದು ಖರ್ಚಿನ ಸಾಲುಗಳಿದ್ದವು. ಐದು ಸಾಲಿನಲ್ಲಿ 295 ರೂಪಾಯಿ, ಆರು ಸಾಲಿನಲ್ಲಿ 59 ರೂಪಾಯಿ. ಗುಣಿಸಿದಳು: 1,475 ಮತ್ತು 354. ಕೂಡಿದರೆ 1,829. ಎರಡು ಸಾವಿರದಲ್ಲಿ ಕಳೆದರೆ ಸರಿಯಾಗಿ 171. ಲೆಕ್ಕವೇನೋ ತಾಳೆಯಾಯಿತು, ಅರ್ಥವಾಗಲಿಲ್ಲ. 295 ಏಕೆ, 300 ಏಕಲ್ಲ? 59 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಶೇಕಡಾ 18ರ ಜಿ.ಎಸ್.ಟಿ. ನೆನಪಾದ ಮೇಲೆ ಗಂಟು ಬಿಚ್ಚಿತು. 250ಕ್ಕೆ 45 ಸೇರಿದರೆ 295. 50ಕ್ಕೆ 9 ಸೇರಿದರೆ 59. ಅಂದರೆ ದಂಡದ ಮೇಲೆ ತೆರಿಗೆಯೂ ಸೇರಿತ್ತು.

ಬಾದಾಮಿಯಲ್ಲಿ ಅವಳ ಸೋದರಮಾವ ಇದ್ದ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಫೋನಿನಲ್ಲಿ ಅವನು ಒಂದೊಂದೇ ಸಾಲನ್ನು ಓದಿಸಿ ಬಿಡಿಸಿ ಹೇಳಿದ. ಅಪ್ಪ ಹಿಂದಿನ ವರ್ಷ ಕಂತಿನ ಮೇಲೆ ಒಂದು ಮೊಪೆಡ್ ಕೊಂಡಿದ್ದನಲ್ಲ, ಆ ಫೈನಾನ್ಸ್ ಕಂಪನಿಗೆ ಕಂತನ್ನು ಖಾತೆಯಿಂದಲೇ ಎಳೆದುಕೊಳ್ಳಲು ಸಹಿ ಹಾಕಿಕೊಟ್ಟಿದ್ದ. ಏಪ್ರಿಲಿನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಎರಡು ಸಲ, ಜೂನಿನಲ್ಲಿ ಎರಡು ಸಲ ಅವರು ಎಳೆಯಲು ನೋಡಿದ್ದರು. ಖಾತೆ ಬರಿದಾಗಿದ್ದರಿಂದ ಐದೂ ಸಲ ವಾಪಸಾಗಿತ್ತು. ಪ್ರತಿ ಸಲಕ್ಕೂ ಬ್ಯಾಂಕಿನ ಶುಲ್ಕ 295. ಇನ್ನು ಆ 59, ಕನಿಷ್ಠ ಶಿಲ್ಕು ಇಡದಿದ್ದಕ್ಕೆ ತಿಂಗಳ ದಂಡ. ಖಾತೆಯಲ್ಲಿ ಹಣವಿಲ್ಲದಾಗ ಇವನ್ನೆಲ್ಲ ಬಾಕಿ ಎಂದು ಬರೆದಿಟ್ಟುಕೊಂಡು, ಹಣ ಬಂದ ದಿನವೇ ಒಮ್ಮೆಗೇ ಎಳೆದುಕೊಂಡಿದ್ದರು.

ಹಣವಿಲ್ಲ ಎಂಬ ಕಾರಣಕ್ಕೇ ಹಣ ಕೇಳುವ ಈ ದಂಡ ಬಡವನಿಗೆ ಹೊಸದಲ್ಲ. 2017ರ ಏಪ್ರಿಲಿನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಕನಿಷ್ಠ ಶಿಲ್ಕಿನ ದಂಡವನ್ನು ಮತ್ತೆ ಜಾರಿಗೆ ತಂದು, ನವೆಂಬರಿನವರೆಗಿನ ಎಂಟೇ ತಿಂಗಳಲ್ಲಿ 1,771 ಕೋಟಿ ರೂಪಾಯಿ ಸಂಗ್ರಹಿಸಿತ್ತು. ಅದೇ ವರ್ಷದ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಆ ಬ್ಯಾಂಕಿನ ನಿವ್ವಳ ಲಾಭಕ್ಕಿಂತ ಇದು ಹೆಚ್ಚು. ಗಲಾಟೆಯಾದ ಮೇಲೆ 2018ರ ಏಪ್ರಿಲಿನಿಂದ ದಂಡ ಇಳಿಯಿತು, 2020ರ ಮಾರ್ಚಿನಲ್ಲಿ ಪೂರ್ತಿ ಹೋಯಿತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಕನಿಷ್ಠ ಶಿಲ್ಕಿನ ಷರತ್ತನ್ನು ತೆಗೆದುಹಾಕಿತು. ಮುಂದಿನ ತಿಂಗಳಲ್ಲಿ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಆ ದಾರಿ ಹಿಡಿದವು. ಎಲ್ಲ ಬ್ಯಾಂಕುಗಳೂ ಅಲ್ಲ. ನೇಕಾರನ ಖಾತೆ ಇದ್ದದ್ದು ದಂಡ ಹಾಕುವ ಬ್ಯಾಂಕಿನಲ್ಲಿ.

ಸೋದರಮಾವನಿಗೆ ಒಂದು ವಿಷಯ ಗೊತ್ತಿತ್ತು. ಕನಿಷ್ಠ ಶಿಲ್ಕಿನ ದಂಡಕ್ಕೆ ರಿಸರ್ವ್ ಬ್ಯಾಂಕು ಕಟ್ಟುಪಾಡು ಹಾಕಿದೆ. 2014ರ ನವೆಂಬರಿನಲ್ಲಿ ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸುತ್ತೋಲೆ ಅದು. ಶಿಲ್ಕು ಕಡಿಮೆಯಾದರೆ ಬ್ಯಾಂಕು ಮೊದಲು ಗ್ರಾಹಕನಿಗೆ ಎಸ್ಸೆಮ್ಮೆಸ್, ಇ-ಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತುಂಬಲು ಒಂದು ತಿಂಗಳು ಬಿಡಬೇಕು. ಆಮೇಲೆ ಹಾಕುವ ದಂಡ ಎಷ್ಟು ಕೊರತೆಯೋ ಅದಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಅಂದರೆ ಸಾವಿರಕ್ಕೆ ಐವತ್ತು ಕಡಿಮೆ ಇದ್ದವನಿಗೂ ಒಂಬೈನೂರು ಕಡಿಮೆ ಇದ್ದವನಿಗೂ ಒಂದೇ ದಂಡ ಹಾಕುವಂತಿಲ್ಲ. ಬರೀ ಈ ದಂಡದಿಂದಾಗಿಯೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಲೂಕೂಡದು. ಇಷ್ಟು ಸ್ಪಷ್ಟವಾದ ಮಾತು ಕೌಂಟರಿನ ಈಚೆ ನಿಂತವರಿಗೆ ಗೊತ್ತಾಗುವುದೇ ಇಲ್ಲ.

‘ಬಾಯಿಮಾತಿಲೆ ಜಗಳ ಆಡಬ್ಯಾಡ’ ಎಂದ ಮಾವ. ‘ಬರದು ಕೊಡು. ಎರಡು ಪ್ರತಿ ಮಾಡು. ಒಂದರ ಮ್ಯಾಲ ಸಿಕ್ಕಾ ಹೊಡಿಸಿಕೊಂಡು ಬಾ. ತಾರೀಖು ಮರೀಬ್ಯಾಡ.’

ಅವಳು ಕನ್ನಡದಲ್ಲೇ ಬರೆದಳು. ಒಂದು ಪುಟ ಮೀರಲಿಲ್ಲ. ಪ್ರಯೋಗಶಾಲೆಯ ದಾಖಲೆ ಬರೆಯುವ ರೀತಿಯಲ್ಲಿ ಮೊದಲು ಕಂಡದ್ದು: ಯಾವ ತಾರೀಖು, ಎಷ್ಟು ರೂಪಾಯಿ, ಪಾಸ್‌ಬುಕ್ಕಿನಲ್ಲಿ ಏನೆಂದು ಬರೆದಿದೆ. ಆಮೇಲೆ ಪ್ರಶ್ನೆ: ಶಿಲ್ಕು ಕಡಿಮೆಯಾಗಿದೆ ಎಂದು ಯಾವ ದಿನ, ಯಾವ ನಂಬರಿಗೆ ತಿಳಿಸಿದ್ದೀರಿ? ಒಂದೇ ಕಂತಿಗೆ ಒಂದೇ ತಿಂಗಳಲ್ಲಿ ಎರಡು ಸಲ ಶುಲ್ಕ ಏಕೆ? ಕೊನೆಗೆ ಬೇಡಿಕೆ: ತೆಗೆದುಕೊಂಡದ್ದನ್ನು ವಾಪಸು ಮಾಡಿ, ಖಾತೆಯನ್ನು ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯಾಗಿ ಬದಲಿಸಿ. ಅಪ್ಪನಿಗೆ ಕೆಲಸವಿಲ್ಲದ ತಿಂಗಳುಗಳ ಬಗ್ಗೆ ಎರಡೇ ವಾಕ್ಯ ಇದ್ದವು. ಅತ್ತುಕೊಂಡು ಬರೆದ ಅರ್ಜಿಗಿಂತ ತಾರೀಖು ಹಾಕಿದ ಅರ್ಜಿಗೆ ಬೆಲೆ ಹೆಚ್ಚೆಂದು ಆ ಅಂಚೆಯ ಮನುಷ್ಯನಿಗೆ ಅನುಭವದಿಂದ ಗೊತ್ತಿತ್ತು. ಅಡಿಯಲ್ಲಿ ಅಪ್ಪನ ಸಹಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನಲ್ಲಿ ಬ್ಯಾಂಕಿಂಗ್ ಒಂಬುಡ್ಸ್‌ಮನ್‌ಗೆ ಬರೆಯುತ್ತೇವೆ ಎಂದೂ ಒಂದು ಸಾಲು.

ಸಿಕ್ಕಾ ಹೊಡೆಯಲು ಬ್ಯಾಂಕಿನಲ್ಲಿ ಮೊದಲು ಒಪ್ಪಲಿಲ್ಲ. ‘ಇಟ್ಟು ಹೋಗ್ರಿ, ನೋಡತೀವಿ’ ಎಂದರು. ಅಪ್ಪ ಹೊರಡಲು ತಿರುಗಿದ. ಹುಡುಗಿ ಅಲ್ಲೇ ನಿಂತಳು. ಅರ್ಧ ಗಂಟೆಯ ಮೇಲೆ ಸಿಕ್ಕಾ ಬಿತ್ತು.

ಇಪ್ಪತ್ತಾರನೆಯ ದಿನ ಮ್ಯಾನೇಜರರೇ ಕರೆಸಿದರು. ‘ತಂಗೀ, ನಿಮ್ಮ ಅರ್ಜಿ ಮೇಲಿನ ಆಫೀಸಿಗೆ ಹೋಗಿ ಬಂತು’ ಎಂದು ಕೂರಿಸಿ ಲೆಕ್ಕ ತೋರಿಸಿದರು. ಖಾತೆಗೆ ಹಿಂದೆ ಕೊಟ್ಟಿದ್ದ ಫೋನ್ ನಂಬರು ಬದಲಾಗಿದ್ದನ್ನು ಬರೆದುಕೊಟ್ಟಿದ್ದರೂ ಬ್ಯಾಂಕಿನವರು ಕೆಲವು ತಿಂಗಳು ತಿದ್ದಿರಲಿಲ್ಲ; ಮೊದಲ ನೋಟೀಸು ಹೋದ ದಾಖಲೆಯೂ ಸಿಗಲಿಲ್ಲ. ಹೀಗಾಗಿ ಕನಿಷ್ಠ ಶಿಲ್ಕಿನ 354 ರೂಪಾಯಿ ಪೂರ್ತಿ ವಾಪಸಾಯಿತು. ಕಂತು ವಾಪಸಾದ ಶುಲ್ಕದಲ್ಲಿ ಅದೇ ತಿಂಗಳು ಎರಡನೆಯ ಸಲ ಹಾಕಿದ್ದ ಎರಡನ್ನು, ಅಂದರೆ 590 ರೂಪಾಯಿಯನ್ನು, ಬಿಟ್ಟುಕೊಟ್ಟರು. ಉಳಿದ ಮೂರು, 885 ರೂಪಾಯಿ, ಬರಲಿಲ್ಲ. ಸಹಿ ಹಾಕಿಕೊಟ್ಟ ಮೇಲೆ ಖಾತೆಯಲ್ಲಿ ಹಣವಿಡುವುದು ಗ್ರಾಹಕನ ಹೊಣೆ ಎಂದರು. ಕಾಗದದ ಮೇಲೆ ಅವರು ಹೇಳಿದ್ದು ಸರಿಯೇ.

ಆದರೆ ಈ 885ರ ಹಿಂದೆ ಇನ್ನೊಂದು ಕಥೆಯಿದೆ. ಆ ತಿಂಗಳುಗಳಲ್ಲಿ ಕಂತು ಕಟ್ಟಲೇಬೇಕೆಂದಿರಲಿಲ್ಲ. ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತ್ತು. ಆಮೇಲೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಎಷ್ಟೋ ಕಡೆ ಸಾಲಗಾರನೇ ಕೇಳಿ ಪಡೆಯಬೇಕಿತ್ತು. ಮೊಪೆಡ್ಡಿನ ಕಂಪನಿಯವರು ಇಂಗ್ಲಿಷಿನಲ್ಲಿ ಒಂದು ಮೆಸೇಜು ಕಳಿಸಿ ಸುಮ್ಮನಾಗಿದ್ದರು. ನೇಕಾರ ಅದನ್ನು ಜಾಹೀರಾತೆಂದುಕೊಂಡಿದ್ದ.

ಮುಂದೂಡಿದ ಕಂತಿನ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಹಾಕಬಹುದೆ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವರಲ್ಲಿ ಮೊದಲಿಗರು ಆಗ್ರಾದಲ್ಲಿ ಕನ್ನಡಕದ ವ್ಯಾಪಾರ ಮಾಡುತ್ತಿದ್ದ ಗಜೇಂದ್ರ ಶರ್ಮಾ. ಅವರದ್ದೊಂದು ಗೃಹಸಾಲ ಇತ್ತು, ಅಂಗಡಿ ಮುಚ್ಚಿತ್ತು. ಮೊಕದ್ದಮೆ ನಡೆಯುತ್ತಿರುವಾಗಲೇ ಕೇಂದ್ರ ಸರ್ಕಾರ ಎರಡು ಕೋಟಿಯವರೆಗಿನ ಸಾಲಗಳಿಗೆ ಆರು ತಿಂಗಳ ಚಕ್ರಬಡ್ಡಿಗೂ ಸರಳಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ತುಂಬಿಕೊಡುವುದಾಗಿ ಅಕ್ಟೋಬರಿನಲ್ಲಿ ಹೇಳಿತು. ನವೆಂಬರ್ 5ರೊಳಗೆ ಅದು ಸಾಲದ ಖಾತೆಗಳಿಗೆ ಜಮೆಯಾಗಬೇಕಿತ್ತು. 2021ರ ಮಾರ್ಚ್ 23ರಂದು ಕೋರ್ಟು, ಎರಡು ಕೋಟಿಯ ಮಿತಿಗೂ ಅರ್ಥವಿಲ್ಲ, ಆ ಅವಧಿಗೆ ಯಾರಿಂದಲೂ ಬಡ್ಡಿಯ ಮೇಲೆ ಬಡ್ಡಿ ಕೂಡದು ಎಂದು ತೀರ್ಪಿತ್ತಿತು.

ವ್ಯತ್ಯಾಸ ಎಷ್ಟಾಗುತ್ತದೆಂದು ಗಣಿತ ಓದುವ ಮಕ್ಕಳು ಮನೆಯಲ್ಲಿ ಕೂತು ನೋಡಬಹುದು. 20,000 ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 20ರ ಬಡ್ಡಿ ಎಂದಿಟ್ಟುಕೊಳ್ಳಿ. ಆರು ತಿಂಗಳ ಸರಳಬಡ್ಡಿ 2,000. ತಿಂಗಳ ಚಕ್ರಬಡ್ಡಿಯಾದರೆ ಸುಮಾರು 2,085. ಎಂಭತ್ತೈದು ರೂಪಾಯಿಗಾಗಿ ದೆಹಲಿಯವರೆಗೆ ಹೋಗಬೇಕೆ ಎಂದು ಕೇಳುವವರಿದ್ದಾರೆ. ಇಂಥ ಸಾಲಗಾರರು ದೇಶದಲ್ಲಿ ಎಷ್ಟು ಕೋಟಿ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಸಣ್ಣ ಮೊತ್ತಗಳ ಗುಣವೇ ಅದು. 17 ರೂಪಾಯಿ 70 ಪೈಸೆಯ ಕಥೆಯನ್ನೇ ನೋಡಿ. ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಗಳಲ್ಲಿ ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಸಲ ಹಣ ತೆಗೆದರೆ, ಫೋನಿನಲ್ಲಿ ಪಾವತಿ ಮಾಡಿದರೂ, ಸ್ಟೇಟ್ ಬ್ಯಾಂಕು ಪ್ರತಿ ಸಲಕ್ಕೆ ಅಷ್ಟು ಹಾಕುತ್ತಿತ್ತು. ಹದಿನೈದು ರೂಪಾಯಿ, ಜೊತೆಗೆ ಶೇಕಡಾ 18ರ ತೆರಿಗೆ. 2015ರಿಂದ 2020ರವರೆಗೆ ಹೀಗೆ 300 ಕೋಟಿಗೂ ಹೆಚ್ಚು ಸಂಗ್ರಹವಾಗಿದೆ ಎಂದು ಐಐಟಿ ಮುಂಬಯಿಯ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಆಶಿಷ್ ದಾಸ್ ಲೆಕ್ಕ ತೆಗೆದು ತೋರಿಸಿದರು. ಡಿಜಿಟಲ್ ಪಾವತಿಗಳಿಗೆ 2020ರ ಜನವರಿ 1ರಿಂದ ಪಡೆದ ಇಂಥ ಶುಲ್ಕವನ್ನು ಮರಳಿಸುವಂತೆ ಕೇಂದ್ರ ನೇರ ತೆರಿಗೆ ಮಂಡಳಿ ಆ ವರ್ಷದ ಆಗಸ್ಟ್ 30ರಂದು ಬ್ಯಾಂಕುಗಳಿಗೆ ಹೇಳಿತು. ಅದಕ್ಕೆ ಹಿಂದಿನದರ ಬಗ್ಗೆ ವಾದ ಆಮೇಲೂ ನಡೆಯಿತು.

ಇಳಕಲ್ಲಿನ ಖಾತೆಗೆ 944 ರೂಪಾಯಿ ಜಮೆಯಾಯಿತು. ಶುಲ್ಕದ ಎರಡನೆಯ ಭಾಗಕ್ಕೆ ಅದು ಸಾಲದು. ಉಳಿದದ್ದನ್ನು ಮಾವ ಬಾದಾಮಿಯಿಂದ ಕಳಿಸಿದ. ಅವನ ಕೈಯೂ ಆಗ ಬಿಗಿಯಾಗಿಯೇ ಇತ್ತು. ಹಿಂದಿನ ವರ್ಷದ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದಾಗ ಅವನ ಹೊಲವೂ ನೀರಿನಡಿ ಇತ್ತು.

ಹುಡುಗಿ ಈಗ ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ. ಓಣಿಯವರು ಪಾಸ್‌ಬುಕ್ಕು ಹಿಡಿದು ಬರುವುದು ರೂಢಿಯಾಗಿಬಿಟ್ಟಿದೆ. ಎ.ಟಿ.ಎಂ.ನಲ್ಲಿ ಹಣ ಬರದೆ ಖಾತೆಯಲ್ಲಿ ಕಡಿತವಾದವರು, ಬರ ಪರಿಹಾರದ ಹಣವನ್ನು ಸಾಲಕ್ಕೆ ಹಿಡಿದುಕೊಂಡರೆಂದು ಹುನಗುಂದದ ಕಡೆಯಿಂದ ಬಂದವರು, ಹೀಗೆ. ಎ.ಟಿ.ಎಂ.ನ ಹಣವನ್ನು ಬ್ಯಾಂಕು ಐದು ದಿನದೊಳಗೆ ತಾನಾಗಿಯೇ ಮರಳಿಸಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು ಎಂದು 2019ರಿಂದಲೇ ನಿಯಮವಿದೆ. ಬರ ಪರಿಹಾರವನ್ನು ಸಾಲಕ್ಕೆ ಹೊಂದಿಸಬೇಡಿ ಎಂದು ರಾಜ್ಯ ಸರ್ಕಾರ 2024ರಲ್ಲಿ ಬ್ಯಾಂಕುಗಳಿಗೆ ಹೇಳಿದ್ದೂ ಉಂಟು. ಅವಳು ಯಾರ ಪರವಾಗಿಯೂ ಬ್ಯಾಂಕಿಗೆ ಹೋಗುವುದಿಲ್ಲ. ಅರ್ಜಿ ಬರೆಯುವುದನ್ನು ತೋರಿಸುತ್ತಾಳೆ, ಸಿಕ್ಕಾ ಹಾಕಿಸಿಕೊಂಡು ಬರಲು ಹೇಳುತ್ತಾಳೆ. ಬ್ಯಾಂಕು ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿಗೆ ದೂರು ಕೊಡಲು ಒಂದು ಪೈಸೆಯ ಖರ್ಚಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಇತ್ತೀಚೆಗೆ ಬಂದವನು ಪದವಿ ಓದುವ ಹುಡುಗ. ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆಯಲ್ಲಿ ಎರಡು ವರ್ಷ ವ್ಯವಹಾರವಿರಲಿಲ್ಲವೆಂದು ಅದನ್ನು ನಿಷ್ಕ್ರಿಯ ಎಂದು ಬರೆದಿದ್ದರು. ಮತ್ತೆ ಚಾಲೂ ಮಾಡಲು ಶುಲ್ಕ ಹಿಡಿದಿದ್ದರು. ವಿದ್ಯಾರ್ಥಿವೇತನ ಮತ್ತು ಸರ್ಕಾರಿ ಸವಲತ್ತಿನ ಶೂನ್ಯ ಶಿಲ್ಕಿನ ಖಾತೆಗಳನ್ನು ಹೀಗೆ ನಿಷ್ಕ್ರಿಯಗೊಳಿಸಬಾರದು, ನಿಷ್ಕ್ರಿಯ ಖಾತೆಯನ್ನು ಚಾಲೂ ಮಾಡಲು ಶುಲ್ಕ ಕೇಳಬಾರದು ಎಂದು ರಿಸರ್ವ್ ಬ್ಯಾಂಕು 2024ರ ಜನವರಿ 1ರಂದು ಹೊರಡಿಸಿದ ಸುತ್ತೋಲೆಯಲ್ಲಿದೆ. ಅದೇ ಏಪ್ರಿಲಿನಿಂದ ಜಾರಿಯಲ್ಲಿದೆ. ಹುಡುಗ ಸುತ್ತೋಲೆಯ ತಾರೀಖನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆದ. ಸಿಕ್ಕಾ ಬಿದ್ದು ಇಪ್ಪತ್ತೊಂದು ದಿನವಾಗಿದೆ. ಉತ್ತರ ಬರಲು ಇನ್ನೂ ಒಂಬತ್ತು ದಿನ ಇದೆ.