ಕೊಟ್ರೇಶಿಯ ಸೀಮೆಯಲ್ಲಿ ಒಂದು ಸುತ್ತು

ಸಿನಿಮಾ ತಾರೆಯರನ್ನು ನೋಡಲು ಊರೂರು ಅಲೆಯುವವರಿಗೆ ನಮ್ಮಲ್ಲಿ ಬರ ಇಲ್ಲ. ಶೂಟಿಂಗ್ ನಡೆದ ಜಾಗ ನೋಡಿ ಬರುವವರೂ ಉಂಟು. ಆದರೆ ಚಿತ್ರದ ಕಥೆ ಹುಟ್ಟಿದ ಮಣ್ಣನ್ನು ನೋಡೋಣ ಅಂತ ಬಸ್ಸು ಹತ್ತಿದವರು ಎಷ್ಟು ಮಂದಿ? ನಾನು ಹತ್ತಿದೆ! ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆಯ ಜೊತೆ ಸೇರಿದ ಐದು ತಾಲ್ಲೂಕುಗಳು ಇವೇ.

ಹೊರಡುವಾಗ ತಲೆಯಲ್ಲಿ ಒಂದೇ ಪ್ರಶ್ನೆ. ಪುಸ್ತಕದ ಕಥೆ ತೆರೆಗೆ, ರಂಗಕ್ಕೆ, ಕ್ಯಾಸೆಟ್ಟಿಗೆ ಹೋದಾಗ ಅದರ ಊರೂ ಜೊತೆಗೆ ಹೋಗುತ್ತದೆಯೇ? ಎಚ್.ಜಿ. ವೆಲ್ಸ್ ಎಂಬ ಇಂಗ್ಲಿಷ್ ಲೇಖಕನ ‘ವಾರ್ ಆಫ್ ದಿ ವರ್ಲ್ಡ್ಸ್’ ನೋಡಿ. ಮಂಗಳ ಗ್ರಹದವರು ಭೂಮಿಗೆ ದಾಳಿ ಇಡುವ ಕಾದಂಬರಿ. 1898ರ ಪುಸ್ತಕದಲ್ಲಿ ಅವರು ಇಳಿದದ್ದು ಇಂಗ್ಲೆಂಡಿನ ವೋಕಿಂಗ್ ಬಳಿ. 1938ರಲ್ಲಿ ಆರ್ಸನ್ ವೆಲ್ಸ್ ರೇಡಿಯೋ ನಾಟಕ ಮಾಡಿದಾಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಇಳಿದರು. 1953ರ ಸಿನಿಮಾದಲ್ಲಿ ಕ್ಯಾಲಿಫೋರ್ನಿಯಾ! 1978ರಲ್ಲಿ ಜೆಫ್ ವೇಯ್ನ್ ಅದನ್ನು ಹಾಡಿನ ರೆಕಾರ್ಡು ಮಾಡಿದ, ಆಮೇಲೆ ಅದೇ ರಂಗದ ಮೇಲೂ ಬಂತು. ಮಂಗಳದವರಿಗೆ ಬಿಡಿ, ಯಾವ ಊರಾದರೂ ಒಂದೇ. ಆದರೆ ಕೊಟ್ಟೂರಿನವರಿಗೆ?

ಮೊದಲು ಇಳಿದದ್ದು ಕೂಡ್ಲಿಗಿಯಲ್ಲಿ. ಗಾಂಧೀಜಿಯ ಚಿತಾಭಸ್ಮ ಇಟ್ಟು ಕಟ್ಟಿದ ಸ್ಮಾರಕ ಇಲ್ಲಿದೆ. ಅದರ ಮುಂದೆ ನಿಂತಾಗ ನನಗೆ ನೆನಪಾದದ್ದು ‘ಕೂರ್ಮಾವತಾರ’. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆ, ಗಿರೀಶ್ ಕಾಸರವಳ್ಳಿಯವರ ಚಿತ್ರ. ನಿವೃತ್ತಿ ಹತ್ತಿರ ಬಂದ ಸರ್ಕಾರಿ ಗುಮಾಸ್ತನೊಬ್ಬನಿಗೆ ಗಾಂಧಿಯ ಹೋಲಿಕೆ. ಟೀವಿ ಧಾರಾವಾಹಿಯವರು ಹಿಡಿದು ವೇಷ ಹಾಕಿಸುತ್ತಾರೆ. ಜನ ಇವನನ್ನೇ ಗಾಂಧಿ ಅಂದುಕೊಂಡು ಕಷ್ಟ ಹೇಳಿಕೊಳ್ಳಲು ಶುರು! ಶಿಕಾರಿಪುರ ಕೃಷ್ಣಮೂರ್ತಿ ಆ ಪಾತ್ರದಲ್ಲಿ ಬದುಕಿಬಿಟ್ಟಿದ್ದಾರೆ. 2011ರ ಅತ್ಯುತ್ತಮ ಕನ್ನಡ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ತೆರೆಯ ಮೇಲೆ ಕಥೆ ನಡೆಯುವುದು ಬೆಂಗಳೂರಿನಲ್ಲಿ. ನಷ್ಟವೇನಿಲ್ಲ, ಗಾಂಧಿ ಎಲ್ಲ ಊರಿನವರು.

ಕೊಟ್ಟೂರಿನ ಮಾತೇ ಬೇರೆ. ಇದು ಗುರು ಕೊಟ್ಟೂರೇಶ್ವರನ ಊರು. ತೇರಿನ ದಿನ ಕಾಲಿಡಲು ಜಾಗ ಸಿಗದು. ಸ್ವಾಮಿಯ ಹೆಸರನ್ನೇ ಮಕ್ಕಳಿಗೆ ಇಡುವ ರೂಢಿ: ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ. ಚಹಾದಂಗಡಿಯ ಯಜಮಾನರನ್ನು, “ಅಣ್ಣಾ, ಸಿನಿಮಾದ ಕೊಟ್ರೇಶಿ ಗೊತ್ತೇನ್ರೀ?” ಅಂದೆ. “ಯಾವ ಕೊಟ್ರೇಶಿನ್ರೀ? ಈ ಓಣ್ಯಾಗ ಹತ್ತು ಮಂದಿ ಅದಾರ!” ಅಂತ ನಕ್ಕರು. ‘ಕೊಟ್ರೇಶಿ ಕನಸು’ ಶೀರ್ಷಿಕೆಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇಕೇ?

ಕುಂ.ವೀ. ಹುಟ್ಟಿದ್ದು ಇಲ್ಲೇ, 1953ರಲ್ಲಿ. ಬಹಳ ವರ್ಷ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರು. ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಆತ್ಮಕಥೆಯ ಹೆಸರು ‘ಗಾಂಧಿ ಕ್ಲಾಸು’. ಪರೀಕ್ಷೆಯಲ್ಲಿ ಥರ್ಡ್ ಕ್ಲಾಸು ಬಂದರೂ ಗಾಂಧಿ ಕ್ಲಾಸೇ, ಟಾಕೀಸಿನಲ್ಲಿ ಪರದೆಯ ಮುಂದೆ ಕೂತರೂ ಗಾಂಧಿ ಕ್ಲಾಸೇ! 1994ರಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ ಆ ಕ್ಲಾಸಿನ ಹುಡುಗನ ಕಥೆ. ಓದುವ ಆಸೆ ಹೊತ್ತ ದಲಿತ ಹುಡುಗ, ಅವನಿಗೆ ಅಡ್ಡ ನಿಲ್ಲುವ ಊರು. ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ, ಹುಡುಗನಾಗಿದ್ದ ವಿಜಯ್ ರಾಘವೇಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ. 2024ರಲ್ಲಿ ಕುಂ.ವೀ. ಅವರ ‘ಕುಬುಸ’ ಕಥೆಯೂ ತೆರೆಗೆ ಬಂತು. ಕೊಟ್ರೇಶಿಯನ್ನು ಕ್ಯಾಲಿಫೋರ್ನಿಯಾಕ್ಕೆ ಸಾಗಿಸಲಾಗದು. ಇಲ್ಲಿನ ಮಾತು ತೆಗೆದರೆ ಅವನ ಉಸಿರೇ ನಿಂತೀತು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಷ್ಟೇ ಹೊತ್ತು. ಒಗ್ಗಾಣಿ, ಮಿರ್ಚಿ ತಿಂದು ಹಡಗಲಿಯ ಬಸ್ಸು ಹಿಡಿದೆ.

ಹೂವಿನ ಹಡಗಲಿ ಅಂದರೆ ಮಲ್ಲಿಗೆ. ನನಗೆ ಮಾತ್ರ ನಾಟಕ! ಉಪಮುಖ್ಯಮಂತ್ರಿ ಆಗಿದ್ದ ಎಂ.ಪಿ. ಪ್ರಕಾಶ್ ಇಲ್ಲಿ ‘ರಂಗಭಾರತಿ’ ಕಟ್ಟಿದರು. 2011ರಲ್ಲಿ ಅವರು ತೀರಿಕೊಂಡರು, ಊರಿನಲ್ಲಿ ನಾಟಕದ ಮಾತು ನಿಂತಿಲ್ಲ. ಇದೇ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಮುಂದಿನ ಕಾಲದ ಭವಿಷ್ಯ, ಅದೂ ಒಂದೇ ಸಾಲು! ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ಒಂದು ಸಾಲಿನಿಂದ ಸಾವಿರ ಕಥೆ ಮಾಡಿಕೊಳ್ಳುವ ಜನಕ್ಕೆ ರೂಪಾಂತರದ ಪಾಠ ಬೇಕಾಗಿಲ್ಲ.

ಕೊನೆಗೆ ಹರಪನಹಳ್ಳಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ತಿರುಗಿ ಬಂದ ತಾಲ್ಲೂಕು. 1913ರಲ್ಲಿ ಇಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಯಾರು ಗೊತ್ತೇ? ನಮ್ಮ ಬೀಚಿ! ಈ ಸೀಮೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕನ್ನಡ ಪುಸ್ತಕದ ಕಡೆ ತಿರುಗಿ ನೋಡದಿದ್ದ ಬೀಚಿಯನ್ನು ಕನ್ನಡಕ್ಕೆ ಎಳೆದು ತಂದದ್ದು ಅ.ನ.ಕೃ. ಅವರ ‘ಸಂಧ್ಯಾರಾಗ’. ಅದೇ ಕಾದಂಬರಿ 1966ರಲ್ಲಿ ರಾಜ್‌ಕುಮಾರ್ ಅಭಿನಯದ ಚಿತ್ರವಾಯಿತು. 1980ರಲ್ಲಿ ಬೀಚಿ ಹೋದರು, ಅವರ ತಿಂಮ ಹೋಗಲಿಲ್ಲ. ಗಂಗಾವತಿ ಪ್ರಾಣೇಶ್ ಬೀಚಿಯವರ ನಗೆಯನ್ನು ಸಭೆ ಸಭೆಯಲ್ಲಿ ಹಂಚಿದರು, ಅದು ಕ್ಯಾಸೆಟ್ಟುಗಳಲ್ಲೂ ಹರಡಿತು. ಪುಸ್ತಕ ಮುಟ್ಟದವರೂ ಬೀಚಿಯನ್ನು ಕಿವಿಯಿಂದ ಓದಿದರು. ಕಾರಣ? ಪ್ರಾಣೇಶ್ ತಮ್ಮ ಕಡೆಯ ಮಾತನ್ನು ಬೆಂಗಳೂರಿಗೆಂದು ತಿದ್ದಿಕೊಳ್ಳಲಿಲ್ಲ. ಬೆಂಗಳೂರೇ ಅದಕ್ಕೆ ಕಿವಿ ಕೊಟ್ಟಿತು.

ನನ್ನ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಕಥೆಯ ಊರು ಇರುವುದು ಅದರ ನಾಲಿಗೆಯಲ್ಲಿ. ನಮ್ಮ ಚಿತ್ರಗಳಲ್ಲಿ ಈ ಸೀಮೆಯ ಕನ್ನಡ ಹೆಚ್ಚಾಗಿ ಹಾಸ್ಯಗಾರನ ಪಾಲು, ನಾಯಕನಿಗೆ ಅದು ಒಗ್ಗದು! ನಿರ್ಮಾಪಕರೇ, ನಿರ್ದೇಶಕರೇ, ಈ ಐದು ಊರುಗಳಲ್ಲಿ ಕಥೆಗಳಿನ್ನೂ ರಾಶಿ ಬಿದ್ದಿವೆ. ತೆಗೆದುಕೊಂಡು ಹೋಗಿ, ಬೇಡ ಅನ್ನುವವರಿಲ್ಲ. ಹೋಗುವಾಗ ಮಾತನ್ನು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗಬೇಡಿ. ಗಾಂಧಿ ಕ್ಲಾಸಿನಲ್ಲಿ ಕೂತ ಕೊಟ್ರೇಶಿಗೆ, ಪರದೆಯ ಮೇಲಿರುವವನು ತಾನೇ ಅಂತ ಗುರುತು ಸಿಗಬೇಕಲ್ಲ!