ಮೇಸ್ತ್ರಿಯ ಕಿವಿಯಿಂದ ಸ್ಕ್ಯಾನರ್‌ವರೆಗೆ: ಮಲೆನಾಡಿನ ಜೀಪು ರಿಪೇರಿ

ಮೂಡಿಗೆರೆ, ಕಳಸದ ಕಡೆ ಜೀಪು ಕೆಟ್ಟು ನಿಂತರೆ ಮೇಸ್ತ್ರಿ ಮೊದಲು ಕೇಳುತ್ತಿದ್ದುದು, "ಹಳ್ಳ ದಾಟಿ ಬಂದ್ರಾ?" ಎಂದು. ಹೌದೆಂದರೆ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಕಳಚಿ, ಒಣಬಟ್ಟೆಯಲ್ಲಿ ಒರೆಸುವರು. ಒಳಗೆ ತೇವ ಕೂತರೆ ಕಿಡಿ ಪ್ಲಗ್ಗಿನವರೆಗೆ ತಲುಪದು. ಆಗಲೂ ಗಾಡಿ ಸ್ಟಾರ್ಟ್ ಆಗದಿದ್ದರೆ ಪಾಯಿಂಟ್ ಉಜ್ಜಿ, ಸುಮಾರು ಅರ್ಧ ಮಿಲಿಮೀಟರ್ ಸಂದು ಇಟ್ಟು ಮತ್ತೆ ಸೆಲ್ಫ್ ಹೊಡೆಸುವರು.

ಮಹೀಂದ್ರಾದವರು ದೇಶದಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ್ದು 1947ರಲ್ಲಿ. 2.2 ಲೀಟರಿನ ಆ ಪೆಟ್ರೋಲ್ ಎಂಜಿನ್ನಿನಲ್ಲಿ ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು ಕಡಿಮೆ. ಘಾಟಿ ಹತ್ತುವಾಗ ಪೆಟ್ರೋಲು ಪೈಪಿನಲ್ಲೇ ಕುದಿದು ಆವಿಯಾದರೆ, ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿ ಕಾಯುವುದೇ ಮದ್ದು.

ಮುಂದೆ ಡೀಸೆಲ್ ಬಂತು. ಮಹೀಂದ್ರಾದ ಎಂಎಂ 540 ಜೀಪಿನಲ್ಲಿದ್ದದ್ದು ಪ್ಯೂಜೋ ವಿನ್ಯಾಸದ ಎಂಜಿನ್. ಪ್ಲಗ್ಗೂ ಇಲ್ಲ, ಪಾಯಿಂಟೂ ಇಲ್ಲ. ಟ್ಯಾಂಕು ಬರಿದಾಗಿ ಗಾಳಿ ಹೊಕ್ಕರೆ ಕೈಪಂಪು ಒತ್ತುತ್ತಾ, ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಬೇಕು. ಎಂಜಿನ್ ಮಿಸ್ಸಿಂಗ್ ಆದಾಗ ಮೇಸ್ತ್ರಿಯ ಕೆಲಸ ನೋಡುವಂತಿರುತ್ತಿತ್ತು. ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುವರು. ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ನಟ್ಟು ಸಡಿಲಿಸಿದರೂ ಸದ್ದು ಹಾಗೇ ಇದ್ದರೆ ತೊಂದರೆ ಇರುವುದು ಅಲ್ಲೇ. ಹೊಗೆಯೂ ಸುಳಿವು ಕೊಡುತ್ತಿತ್ತು: ಕಪ್ಪಾದರೆ ಏರ್ ಫಿಲ್ಟರ್ ಕಟ್ಟಿರಬಹುದು, ನೀಲಿಯಾದರೆ ಆಯಿಲ್ ಉರಿಯುತ್ತಿದೆ.

ನಟ್ಟು ಸಡಿಲಿಸುವ ಆ ಪರೀಕ್ಷೆಯನ್ನು ಇಂದಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಮಾಡಲೇಬಾರದು. ಅದರ ಪೈಪಿನೊಳಗಿನ ಒತ್ತಡ 1,000 ಬಾರ್ ಮೀರುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಕೈಗೆ ಪಳಗಿದ ವಿದ್ಯೆಯೊಂದು ಹೀಗೆ ಅಪಾಯದ ಕೆಲಸವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲಂತೂ ಸೆನ್ಸರುಗಳು ಹೆಚ್ಚಿ, ದೋಷದ ಕೋಡ್ ಓದುವ ಸ್ಕ್ಯಾನರ್ ಇಲ್ಲದೆ ಗ್ಯಾರೇಜು ನಡೆಸುವುದೇ ಕಷ್ಟವಾಯಿತು.

ಸ್ಕ್ಯಾನರಿನಿಂದ ಹುಡುಕಾಟದ ಹೊತ್ತು ಉಳಿದಿದೆ, ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ 'ರೈಲ್ ಒತ್ತಡ ಕಡಿಮೆ' ಎಂದು ಕೋಡ್ ತೋರಿಸಿದ ಕೂಡಲೇ ಸೆನ್ಸರ್ ಬದಲಿಸಿ ಗಿರಾಕಿಯ ಜೇಬಿಗೆ ಕತ್ತರಿ ಹಾಕುವುದು ಸರಿಯಲ್ಲ. ಕಾರಣ ಕಟ್ಟಿಕೊಂಡ ಫಿಲ್ಟರ್ ಆಗಿರಬಹುದು, ಸವೆದ ಪಂಪು ಆಗಿರಬಹುದು, ಇಲಿ ಕಡಿದ ವೈರೂ ಆಗಿರಬಹುದು. ಮಳೆಗಾಲದಲ್ಲಿ ತೋಟದ ಬ್ಯಾರಲ್ಲಿನಿಂದ ಡೀಸೆಲ್ ತುಂಬಿದ ಗಾಡಿಯಾದರೆ, ಎಂಜಿನ್ ನಿಲ್ಲಿಸಿ ಫಿಲ್ಟರಿನ ತಳದಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಬೇಕು. ನೀರಿದ್ದರೆ ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹಳೇ ಮೇಸ್ತ್ರಿಗಳು ಹೊಸ ಹುಡುಗರಿಗೆ ಇದನ್ನು ಈಗಲೂ ಹೇಳಿಕೊಡುತ್ತಾರೆ.